ಸ್ಪ್ರಿಂಗಿಗೆ ಕಟ್ಟಿದ ಬೇಲಿ ತಂತಿ

ಬಂತು, ಬಂತು, ಹೊರಗೆ ಬಂತು — ಚಕ್ರದ ಗೂಡಿನಿಂದ ಸ್ಪ್ರಿಂಗ್ ಸಮೇತ, ಗಾಡಿಯ ಕುಲುಕಾಟ ತಡೆಯುವ ಇಡೀ ಶಾಕಪ್ಪೇ ಕೈಗೆ ಬಂತು, ಕರೀ ಎಣ್ಣೆ ಮೊಣಕೈವರೆಗೆ ಇಳಿಯುತ್ತಿದೆ, ಇಳಿಯಲಿ, ನಮ್ಮೂರು ಯಂಕಂಚಿಯಲ್ಲಿ ಇವತ್ತಿನ ತನಕ ಯಾವ ಮಗ ಸ್ವಂತ ಅಂಗಳದಲ್ಲಿ ಕಾರಿನ ಶಾಕಪ್ ಬಿಚ್ಚಿದ್ದಾನೆ ಹೇಳಿ, ಈ ಚೇತನಕುಮಾರ ಬಿಚ್ಚಿದ, ಟ್ರ್ಯಾಕ್ಟರ್ ಬಿಚ್ಚಿ ಜೋಡಿಸಿದವನಿಗೆ ಇದ್ಯಾವ ಲೆಕ್ಕ — ಸಿಂದಗಿಯ ಮೆಕ್ಯಾನಿಕ್ ಯಾಕೂಬಸಾಬ ಸ್ಪ್ರಿಂಗ್ ಒತ್ತಾಕ ಮಷೀನ್ ಬೇಕ್ರಿ, ಗುರುವಾರ ಬರ್ರಿ ಅಂದ, ಗುರುವಾರದ ತನಕ ಕಾಯುವವರು ಯಾರು, ನಾಳೆ ಬೆಳಿಗ್ಗೆ ನನ್ನ ಹೆಂಡತಿ ಸುನಂದಾ ತಾನೇ ಓಡಿಸಿಕೊಂಡು ಬಸವನ ಬಾಗೇವಾಡಿಗೆ ತವರಿಗೆ ಹೊರಟಿದ್ದಾಳೆ, ಲೈಸೆನ್ಸ್ ಬಂದು ಹತ್ತೇ ದಿನ, ಮೊದಲನೇ ಸಲ ಒಬ್ಬಳೇ, ಅಂಥವಳ ಕೈಗೆ ತಗ್ಗಿಗೊಮ್ಮೆ ಖಡ್ ಖಡ್ ಎನ್ನುವ ಗಾಡಿ ಕೊಡಲೇ, ಸಾಧ್ಯವೇ ಇಲ್ಲ. ಮಷೀನ್ ಇಲ್ಲದಿದ್ದರೇನು, ಮಂದಿ ಇದ್ದಾರಲ್ಲ! ಬಿಚ್ಚುವ ಮೊದಲೇ ಬಾನೆಟ್ ಮೇಲೆ ಗುರಪ್ಪ ಕಾಕಾನನ್ನು ಕೂರಿಸಿದೆ, ನೂರು ಕಿಲೋಗೆ ಕಮ್ಮಿ ಇಲ್ಲದ ಆಸಾಮಿ, ಪಕ್ಕಕ್ಕೆ ನಮ್ಮವ್ವ ಕಸ್ತೂರೆವ್ವ, ಇನ್ನೊಂದು ಮೂಲೆಗೆ ನೆರೆಮನೆಯ ಕಾಳಪ್ಪ — ಅವ್ವ ಸೆರಗು ಸಿಗಿಸಿಕೊಂಡು, ಮದಿವ್ಯಾಗೂ ನನ್ನ ಹಿಂಗ ಮೆರೆಸಿದ್ದಿಲ್ಲೋ ಯಾರೂ ಎಂದು ಬೊಚ್ಚು ಬಾಯಲ್ಲಿ ನಕ್ಕಳು, ಆ ಭಾರಕ್ಕೆ ಗಾಡಿ ಮೂಗು ತಗ್ಗಿಸಿತು, ಸ್ಪ್ರಿಂಗ್ ಕುಗ್ಗಿತು, ಒಳಗೆ ಕೈ ತೂರಿಸಿ ಹೊಲದ ಬೇಲಿ ತಂತಿಯಿಂದ ಅದರ ಸುರುಳಿಗಳನ್ನು ಮೂರು ಕಡೆ ಬಿಗಿದೆ, ಇಕ್ಕಳ ಹಿಡಿದು ತಂತಿಗೆ ಹುರಿ ಹಾಕಿದೆ, ಇನ್ನ ಇಳೀರಿ ಅಂದೆ, ಮೂವರೂ ಇಳಿದರು, ಗಾಡಿಯ ಆ ಬದಿ ಎದ್ದಿತು, ತಂತಿ ಬಿಗಿದ ಈ ಬದಿಯ ಸ್ಪ್ರಿಂಗ್ ಏಳಲಿಲ್ಲ. ಕಾಕಾ ಚಪ್ಪಾಳೆ ಹೊಡೆದ. ಖುಷಿಗೆ ನನಗೆ ಕುಣಿಯಬೇಕೆನ್ನಿಸಿತ್ತು.

ಈಗ ನೆಲದ ಮೇಲೆ ಕೂತು ಶಾಕಪ್ಪನ್ನು ಮೊಣಕಾಲ ನಡುವೆ ಹಿಡಿದಿದ್ದೇನೆ, ಸ್ಪ್ರಿಂಗನ್ನು ರಾಡಿಗೆ ಹಿಡಿದಿಡುವ ನೆತ್ತಿಯ ನಟ್ಟು ಬಿಚ್ಚಿದ್ದಾಯಿತು, ಹಳೇ ರಾಡು ಜಾರಿ ಕೆಳಗೆ ಬಿತ್ತು, ಸುನಂದಾ ಎರಡೂ ಅಂಗೈಯಿಂದ ಮೇಲಿನ ತಟ್ಟೆ ಒತ್ತಿ ಬಗ್ಗಿದ್ದಾಳೆ, ಅವಳ ಬೆವರಿನ ಹನಿ ನನ್ನ ಕೈಮೇಲೆ, ಸಿಂದಗಿಯಿಂದ ತಂದ ಹೊಸಾ ರಾಡು ತೂರಿಸಿದರೆ ಮುಗಿಯಿತು, ಐದೇ ನಿಮಿಷ, ಆಮೇಲೆ ಊರೆಲ್ಲ ಒಂದು ಸುತ್ತು, ಅವಳೇ ಓಡಿಸಲಿ, ನಾನು ಹಿಂದಿನ ಸೀಟಿನಲ್ಲಿ ಸಾಹುಕಾರನ ಹಾಗೆ — ಟಣ್. ಏನದು? ತಂತಿ, ಒಂದು ತಂತಿ ಹಾರಿ ಗೋಡೆಗೆ ಬಡಿಯಿತು, ಯಾರಿಗೂ ತಾಗಲಿಲ್ಲ, ಪಟಾಕ್ಷಿನೂ ಇಟ್ಟೀಯೇನೋ ಎಂದು ಕಾಕಾ ನಗುತ್ತಾನೆ, ನಗಬೇಡ ಕಾಕಾ — ಮೂರರಲ್ಲಿ ಎರಡು ಉಳಿದವು, ಮೂರು ಜನರ ಭಾರಕ್ಕೆ ಕುಗ್ಗಿದ ಉಕ್ಕು ನನ್ನ ತೊಡೆಯ ನಡುವೆ ಎರಡು ಬೇಲಿ ತಂತಿಯಲ್ಲಿ ನಿಂತಿದೆ, ಯಾಕೂಬಸಾಬನ ಎಡಗೈಯಲ್ಲಿ ಎರಡು ಬೆರಳಿಲ್ಲ, ಹುಟ್ಟಿನಿಂದಲೇ ಹಾಗೆ ಅಂದುಕೊಂಡಿದ್ದೆ ನಾನು, ಮಂಗ್ಯಾ. ಹುರಿಯ ತುದಿ ಅಲುಗಿತೇ? ಇರುವೆ ಇರಬೇಕು, ಇಲ್ಲ, ಇರುವೆ ಅಲ್ಲ, ತಂತಿಯೇ ತಿರುಗುತ್ತಿದೆ, ನಾನು ಹಾಕಿದ ಹುರಿ ಒಂದೊಂದೇ ಸುತ್ತು ಬಿಚ್ಚುತ್ತಿದೆ — ನಟ್ಟು ಮತ್ತೆ ಹಾಕಲೇ, ರಾಡೇ ಇಲ್ಲ, ಯಾವುದಕ್ಕೆ ಹಾಕಲಿ, ಎಡಕ್ಕೆ ಹೊರಳಿಸಿದರೆ ಅವ್ವ, ಬಲಕ್ಕೆ ಕಾಕಾ, ಎದುರಿಗೆ ಕಾಳಪ್ಪ, ಭಾರಕ್ಕೆಂದು ನಾನೇ ಕರೆದ ಮಂದಿ ಈಗ ನೋಡಲು ಸುತ್ತುಗಟ್ಟಿ ನಿಂತಿದ್ದಾರೆ, ಹಿಂದ ಸರೀರಿ ಎಲ್ಲಾರೂ ಅಂದೆ, ಯಾಕೋ ಏನಾತು ಎಂದು ಅವ್ವ ಇನ್ನಷ್ಟು ಬಗ್ಗಿದಳು, ಮೇಲೆ ಸುನಂದಾಳ ಮುಖ, ಎಲ್ಲಿ ತಿರುಗಿಸಿದರೂ ನನ್ನವರದೇ ಒಂದು ಮುಖ. ಖಾಲಿ ಇರುವ ದಿಕ್ಕು ಒಂದೇ. ನಿಧಾನ, ಉಸಿರು ಬಿಡದೆ, ತಟ್ಟೆಯನ್ನು ನನ್ನ ಎದೆಯ ಕಡೆ ವಾಲಿಸಿಕೊಂಡೆ, ಅವಳ ಕೈಗಳೂ ಜೊತೆಗೇ ಬಂದವು.

ಸುನಂದಾ, ಕೈ ಬಿಡು.

ಅವಳು ತಂತಿ ನೋಡಿದಳು, ನನ್ನ ಎದೆ ನೋಡಿದಳು. ಬಿಟ್ರ ನಿಮಗ ಬಡಿತೈತಲ್ರೀ, ಅಂದಳು, ಬಿಡಲಿಲ್ಲ, ಬಿಡು ಅಂದೆ, ಬಿಡಲಿಲ್ಲ, ಇನ್ನೂ ಗಟ್ಟಿ ಒತ್ತಿದಳು, ಹುರಿ ಒಂದು ಸುತ್ತು ಬಿಚ್ಚಿತು, ಬಿಸಿಲಿಗೆ ಮಿಂಚಿತು, ಇನ್ನೊಂದು ಅರ್ಧ ಸುತ್ತು, ತಂತಿಯ ತುದಿ, ಅವಳ ಹತ್ತು ಬೆರಳು, ತಂತಿಯ ತುದಿ