ಖಜೂರಿ ಪ್ಯಾಚ್

ಜೇವರ್ಗಿಯ ಬಸ್ ನಿಲ್ದಾಣದ ಹಿಂದೆ ಹಲ್ಲಿನ ದವಾಖಾನೆ ನಡೆಸುವ ಡಾಕ್ಟರ್ ಅನುಜಾಳ ಗಿಟಾರ್ ದನಿಗೆ ಮೂವತ್ತು ದೇಶಗಳಲ್ಲಿ ಅಭಿಮಾನಿಗಳಿದ್ದರು. ಅವಳು ಗಿಟಾರ್ ನುಡಿಸುವುದನ್ನು ಮಾತ್ರ ಎದುರು ಕೂತು ಯಾರೂ ಕೇಳಿರಲಿಲ್ಲ. ಗಂಡ ಸುಧೀರನೂ ಕೇಳಿರಲಿಲ್ಲ. ಅವಳು ಯಾವಾಗಲೂ ಹೆಡ್‌ಫೋನ್ ಹಾಕಿಕೊಂಡೇ ಕೂರುತ್ತಿದ್ದಳು.

ನುಡಿಸುವುದು ಎಂದರೂ ಸ್ವಲ್ಪ ಹೆಚ್ಚೇ ಆಯಿತು. ಆರು ವರ್ಷದ ಹಿಂದೆ ಅವಳೊಂದು ಆಂಪ್ ಮಾಡೆಲರ್ ತರಿಸಿದ್ದಳು. ದೊಡ್ಡ ದೊಡ್ಡ ಆಂಪ್ಲಿಫೈಯರ್‌ಗಳ ದನಿಯನ್ನೆಲ್ಲ ತನ್ನೊಳಗೇ ಹುಟ್ಟಿಸುವ, ಕಾಲಿನಿಂದ ಒತ್ತುವ ಗುಂಡಿಗಳಿರುವ ಪೆಟ್ಟಿಗೆ ಅದು. ಗಿಟಾರಿನ ಸ್ವರ ಮೊದಲು ದನಿ ಬದಲಿಸುವ ಯಾವ ಎಫೆಕ್ಟಿಗೆ ಹೋಗಬೇಕು, ಎಲ್ಲಿ ಎರಡು ದಾರಿಯಾಗಿ ಒಡೆಯಬೇಕು, ಎಲ್ಲಿ ಮತ್ತೆ ಕೂಡಬೇಕು ಎಂದು ಅದರ ಪುಟ್ಟ ಪರದೆಯ ಮೇಲೆ ಜೋಡಿಸಿಕೊಳ್ಳಬಹುದು. ಹಾಗೆ ಜೋಡಿಸಿ ಉಳಿಸಿಟ್ಟದ್ದಕ್ಕೆ ಪ್ಯಾಚ್ ಎನ್ನುತ್ತಾರೆ. ಅನುಜಾ ಜೋಡಿಸಿದಳು, ಕೆಡವಿದಳು, ಮತ್ತೆ ಜೋಡಿಸಿದಳು. ಸರಿಯಾಯಿತೋ ಇಲ್ಲವೋ ಎಂದು ನೋಡಲು ಪ್ರತಿಸಲ ಎಂಟು ಸೆಕೆಂಡಿನ ಒಂದೇ ತುಣುಕು ನುಡಿಸುವಳು. ಆರು ವರ್ಷದಲ್ಲಿ ಆ ತುಣುಕು ಮುತ್ತು ಪೋಣಿಸಿದ ಹಾಗಾಗಿತ್ತು. ಒಂಬತ್ತನೆಯ ಸೆಕೆಂಡು ಬಂದಿರಲೇ ಇಲ್ಲ.

ಪ್ಯಾಚ್‌ಗಳನ್ನು, ದವಡೆ ಹಲ್ಲೊಂದರ ನಂಬರಾದ ‘ಮೋಲಾರ್-೪೬’ ಎಂಬ ಹೆಸರಿನಲ್ಲಿ, ಆ ತುಣುಕಿನ ಜೊತೆಗೆ, ಇಂಟರ್ನೆಟ್ಟಿಗೆ ಹಾಕುತ್ತಿದ್ದಳು. ಒಂದಕ್ಕೆ ಮಾತ್ರ ‘ಖಜೂರಿ’ ಎಂದು ಹೆಸರಿಟ್ಟಿದ್ದಳು. ಅದು ಆಳಂದ ತಾಲೂಕಿನ ಅವಳ ತವರೂರು. ಮಹಾರಾಷ್ಟ್ರಕ್ಕೆ ಹೋಗುವ ಲಾರಿಗಳು ಅಲ್ಲಿ ಗೇರ್ ಬದಲಿಸುವಾಗಿನ ಗುರುಗುಟ್ಟುವಿಕೆ ಆ ದನಿಯಲ್ಲಿದೆ ಎಂದು ಅವಳಿಗೆ ಅನಿಸಿತ್ತು. ಹದಿನೈದು ಸಾವಿರ ಜನ ಅದನ್ನು ಇಳಿಸಿಕೊಂಡರು. ಖಜೂರಿ ಎಂದರೆ ಯಾವುದಾದರೂ ರಾಗವೇ ಎಂದು ಫಿನ್‌ಲ್ಯಾಂಡಿನವನೊಬ್ಬ ಕೇಳಿದ. ವಿವರಿಸುವ ಗೋಜು ಬೇಡವೆಂದು ಇವಳು ಹೌದೆಂದು ಬರೆದಳು.

ಮೋಲಾರ್-೪೬ ಇವಳೇ ಎಂಬ ಗುಟ್ಟು ಗೊತ್ತಿದ್ದವಳು ಗೆಳತಿ ಯಾಸ್ಮೀನ ಒಬ್ಬಳೇ. ಅವಳು ಅಫಜಲಪುರದ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಒಂದು ದಿನ ಮನೆಗೆ ಬಂದವಳೇ, ಸುಧೀರನ ಎದುರಿಗೇ ಸುದ್ದಿ ಹೇಳಿದಳು.

“ನಮ್ಮ ಕಾಲೇಜ್ ಗ್ಯಾದರಿಂಗಿಗೆ ನಿನ್ನ ಪ್ರೋಗ್ರಾಂ ಇಟ್ಟೇನಿ. ಅರ್ಧ ತಾಸು. ಪ್ರಿನ್ಸಿಪಾಲರಿಗೂ ಹೇಳಿ ಮುಗದದ.”

“ಅರ್ಧ ತಾಸು ಏನು ನುಡಿಸ್ಲೆಬೇ?”

“ಮೂವತ್ತು ದೇಶದವರು ಕೇಳ್ತಾರ, ಅಫಜಲಪುರದವರು ಕೇಳಬಾರ್ದೇನು?”

ಮೂವತ್ತು ದೇಶದ ಮಾತನ್ನು ಅಂದೇ ಕೇಳಿದ ಸುಧೀರ ಹೆಮ್ಮೆಯಿಂದ ಹೆಂಡತಿಯ ಕಡೆ ನೋಡಿದ. ಹಾಗೆ ನೋಡಿದ ಮೇಲೆ ಆಗುವುದಿಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ಗ್ಯಾದರಿಂಗಿಗೆ, ಅಂದರೆ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಮೂರು ವಾರ ಇತ್ತು. ಮೊದಲ ವಾರ ಅವಳು ಖಜೂರಿ ಪ್ಯಾಚನ್ನೇ ತೆರೆದು ಸ್ವರವನ್ನು ಎರಡು ದಾರಿಯಾಗಿ ಒಡೆದಳು. ಒಂದು ದಾರಿಯಲ್ಲಿ ಒಣ ದನಿ, ಇನ್ನೊಂದರಲ್ಲಿ ಪ್ರತಿಧ್ವನಿ ಹುಟ್ಟಿಸುವ ಡಿಲೇ, ಗುಂಗು ಉಳಿಸುವ ರಿವರ್ಬ್. ಎರಡನೆಯ ವಾರ ಬಲಗಡೆಯ ದನಿಯನ್ನು ಎಡಗಡೆಗಿಂತ ಒಂದು ಕೂದಲೆಳೆಯಷ್ಟು ತಡವಾಗಿ ಬಿಟ್ಟಳು. ಹೆಡ್‌ಫೋನಿನಲ್ಲಿ ತಲೆ ಒಂದು ದೊಡ್ಡ ಸಭಾಂಗಣವಾದಂತೆ ಆಯಿತು. ಮೂರನೆಯ ವಾರ ಆ ಸಭಾಂಗಣದ ಗೋಡೆಗಳನ್ನು ಸ್ವಲ್ಪ ಹಿಂದೆ ಸರಿಸಿದಳು.

“ಹಾಡು ಯಾವುದು ಆರಿಸಿದಿ?” ಎಂದು ಸುಧೀರ ಕೇಳಿದ.

“ಮೊದಲ ಸೌಂಡ್ ಕೂಡಬೇಕಲ್ರಿ. ಹಾಡಿಗೇನು ಅವಸರ?”

ಅವಸರ ಗ್ಯಾದರಿಂಗಿನ ದಿನ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಸೌಂಡ್ ಸರ್ವಿಸ್ ನಡೆಸುವ ಹಫೀಜ ಒಂದೇ ಒಂದು ವೈರು ತಂದು ಅವಳ ಕೈಗಿಟ್ಟ.

“ಎರಡು ಬೇಕಿತ್ತಲ್ರಿ. ಎಡಕ್ಕೊಂದು, ಬಲಕ್ಕೊಂದು.”

“ನಮ್ಮ ಸಿಸ್ಟಮ್‌ದಾಗ ಎಡಾನೂ ಅದ, ಬಲಾನೂ ಅದ ರೀ ಡಾಕ್ಟರ್. ಇಲ್ಲಿ ಬಂದ ದನಿ ಅಲ್ಲೀನೂ ಬರ್ತದ.”

ಅನುಜಾ ಒಂದೇ ವೈರು ಚುಚ್ಚಿ ತಂತಿ ಮೀಟಿದಳು. ಮೂರು ವಾರದ ಸಭಾಂಗಣ ಎಣ್ಣೆಡಬ್ಬಿಯಾಗಿ ಹೊರಬಂತು. ಎಡ ಬಲ ಎರಡೂ ಒಂದೇ ವೈರಿನಲ್ಲಿ ಕೂಡಿ ಒಂದನ್ನೊಂದು ನುಂಗಿಹಾಕುತ್ತಿದ್ದವು. ಅವಳು ಪರದೆಯ ಮೇಲೆ ಅದನ್ನಿಷ್ಟು ಇದನ್ನಿಷ್ಟು ತಿರುಗಿಸಿದಳು. ಡಬ್ಬಿ ಡಬ್ಬಿಯಾಗಿಯೇ ಉಳಿಯಿತು.

ಆಗ ಮಿಕ್ಸರಿನ ಹಿಂದಿನಿಂದ ಒಬ್ಬ ಹುಡುಗಿ ಎದ್ದು ಬಂದಳು. ಹಫೀಜನ ಮಗಳು ಇರಮ, ಬಿ.ಎಸ್‌ಸಿ. ಮುಗಿಸಿ ಅಪ್ಪನ ಜೊತೆ ಸೌಂಡ್ ನೋಡಿಕೊಳ್ಳುತ್ತಿದ್ದವಳು.

“ನಾ ನೋಡ್ಲೇನ್ರಿ ಮೇಡಂ? ನಾನೂ ಗಿಟಾರ್ ನುಡಸ್ತೇನಿ, ನನ್ನ ಹತ್ರನೂ ಇಂಥದ್ದ ಸಣ್ಣದೊಂದು ಅದ.” ಪರದೆ ನೋಡಿದವಳೇ ನಕ್ಕಳು. “ಖಜೂರಿ ಪ್ಯಾಚ್ ತಗೊಂಡು ಬೆಳಸೀರಿ, ಹೌದಲ್ರಿ? ಎಲ್ಲಾರೂ ಇಲ್ಲೇ ಸಿಗ್ಬೀಳ್ತಾರ.”

“ಯಾಕ?”

“ಅದನ್ನ ಮಾಡಿದ ಮನಷಾ ಹೆಡ್‌ಫೋನ್ ಹಾಕ್ಕೊಂಡು ಮನ್ಯಾಗ ಕುಂತು ಮಾಡ್ಯಾನ್ರಿ. ಸ್ಟೇಜ್ ಕಂಡವ ಅಲ್ಲ.”

ಅನುಜಾಳ ಕಿವಿ ಬಿಸಿಯಾಯಿತು. “ನಮ್ಮ ಕಡಿಯವನೇ ಏನೋ. ಖಜೂರಿ ಅಂತ ಹೆಸರಿಟ್ಟಾನಲ್ಲ.”

“ಇಲ್ರಿ, ಅರಬ್ ಕಡಿಯವ ಇರ್ಬೇಕು. ಖಜೂರ ತಿಂಕೋತ ಕುಂತಿರ್ತಾನ.”

ಮಾತಾಡುತ್ತಲೇ ಇರಮ ಬಲಗಡೆಯ ತಡವನ್ನು ತೆಗೆದುಹಾಕಿದಳು. ಎರಡು ದಾರಿಗಳನ್ನು ಒಂದಾಗಿಸಿ, ಡಿಲೇಯನ್ನು ಕೊನೆಗೆ ಸರಿಸಿ, ರಿವರ್ಬ್ ಅರ್ಧಕ್ಕರ್ಧ ಇಳಿಸಿದಳು. ಕೆಲಸ ನಾಲ್ಕು ನಿಮಿಷದಲ್ಲಿ ಮುಗಿಯಿತು. ಅನುಜಾ ಮೀಟಿದಳು. ಖಜೂರಿಯ ಲಾರಿಗಳು ಸಾಲಾಗಿ ಕಾಲೇಜಿನ ಸಭಾಂಗಣದೊಳಗೆ ನುಗ್ಗಿದವು. ಅವಳಿಗೆ ಖುಷಿಯೂ ಆಯಿತು, ಸಿಟ್ಟೂ ಬಂತು. ಯಾವುದು ಮೊದಲು ಎಂದು ಅವಳಿಗೇ ಗೊತ್ತಾಗಲಿಲ್ಲ.

ಮಧ್ಯಾಹ್ನ ಯಾಸ್ಮೀನ ಮೈಕಿನಲ್ಲಿ ಮೂವತ್ತು ದೇಶಗಳ ಹೆಸರಲ್ಲಿ ಹತ್ತನ್ನಾದರೂ ಹೇಳಿ ಅವಳನ್ನು ವೇದಿಕೆಗೆ ಕರೆದಳು. ಅನುಜಾ ಕೂತು ಎಂಟು ಸೆಕೆಂಡು ನುಡಿಸಿದಳು. ಆಮೇಲೆ ಬೆರಳು ನಿಂತವು. ಕಾಲಿನಿಂದ ಗುಂಡಿ ಒತ್ತಿ, ದನಿ ಬದಲಿಸಿ, ಮತ್ತೆ ಅದನ್ನೇ ನುಡಿಸಿದಳು. ಮೂರನೆಯ ಸಲವೂ ಅದೇ ಆಯಿತು. ಐನೂರು ಹುಡುಗರು ಹಾಡು ಶುರುವಾಗಲೆಂದು ಕಾಯುತ್ತಿದ್ದರು. ಮುಂದಿನ ಸಾಲಿನಿಂದ ಪ್ರಿನ್ಸಿಪಾಲರು ಬಹಳ ಮರ್ಯಾದೆಯಿಂದ ಕೇಳಿದರು:

“ಚೆಕಿಂಗ್ ಮುಗೀತೇನ್ರಿ ಡಾಕ್ಟರ್?”

ಅನುಜಾ ಅವರ ಮುಖ ನೋಡಿದಳು. ಪಾರಾಗಲು ಇಷ್ಟು ಒಳ್ಳೆಯ ಬಾಗಿಲನ್ನು ಯಾರೂ ಅವಳಿಗೆ ತೆರೆದಿರಲಿಲ್ಲ.

“ಮುಗೀತ್ರಿ ಸರ್. ಇನ್ನ ಇರಮ ನುಡಸ್ತಾಳ,” ಎಂದು ಗಿಟಾರ್ ಕೊರಳಿನಿಂದ ತೆಗೆದಳು.

ಇರಮ ಗಾಬರಿಯಾಗಿ ಅಪ್ಪನ ಕಡೆ ನೋಡಿದಳು. ಹಫೀಜ ಮಿಕ್ಸರಿನ ಮುಂದೆ ತಾನೇ ಕೂತು, ನಡಿ ಎಂದು ಕೈಮಾಡಿದ. ಅವಳು ಇಪ್ಪತ್ತೈದು ನಿಮಿಷ ನುಡಿಸಿದಳು. ಹುಡುಗರು ಕುರ್ಚಿ ಬಿಟ್ಟು ಎದ್ದರು. ವೇದಿಕೆಯ ಪಕ್ಕ ನಿಂತ ಸುಧೀರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿ, “ಸೌಂಡ್ ನಮ್ಮ ಮನಿಯವರದ್ರಿ,” ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದ.

ವೈರು ಸುತ್ತುವಾಗ ಇರಮ ಹತ್ತಿರ ಬಂದಳು. “ಖಜೂರಿಯವನ ತುಣುಕು ಎಷ್ಟು ಚಂದ ಬರ್ತದ್ರಿ ನಿಮಗ! ನಾನೂ ಮೊದಲ ಅದನ್ನ ಕಲ್ತೆ.”

“ಇರಮ, ಆ ಪ್ಯಾಚ್ ನಂದ.”

ಇರಮ ಹಿರಿಯರಿಗೆ ತೋರುವ ತಾಳ್ಮೆಯಿಂದ ತಲೆಯಾಡಿಸಿದಳು. “ಹೌದ್ರಿ ಮೇಡಂ. ಒಮ್ಮೆ ಡೌನ್‌ಲೋಡ್ ಮಾಡಿದ ಮ್ಯಾಲ ಅವರವರದ.”

ಅನುಜಾ ಮುಂದೆ ವಾದಿಸಲಿಲ್ಲ. ಎರಡು ದಿನ ಮನಸ್ಸು ಮುದುಡಿಕೊಂಡಿತ್ತು. ಮೂರನೆಯ ದಿನ, ಬೇರುಚಿಕಿತ್ಸೆಗೆ ಬಂದವರ ನಡುವಿನ ಬಿಡುವಿನಲ್ಲಿ, ಖಜೂರಿಯ ಹೊಸ ಆವೃತ್ತಿ ಹಾಕಿದಳು. ಕೆಳಗೆ ಬರೆದಳು: ‘ವೇದಿಕೆಗೆ ಸರಿಪಡಿಸಿದವರು ಇರಮ, ಅಫಜಲಪುರ. ಹಳೆಯದನ್ನು ಮಾಡಿದವಳು ವೇದಿಕೆ ಕಂಡಿರಲಿಲ್ಲ.’

ಸಂಜೆ ಇರಮಳ ಫೋನು ಬಂತು.

“ಮೇಡಂ... ಖಜೂರ ತಿಂಕೋತ ಕುಂತಿರ್ತಾನ ಅಂದಿದ್ನಲ್ರಿ...”

“ಖರೇನ. ಡ್ರಾಯರ್‌ದಾಗ ಒಂದು ಪಾಕೀಟು ಅದ.”

ಇರಮಳಿಗೆ ನಗು ಬಂತು. ನಗು ಮುಗಿದ ಮೇಲೆ ಹೇಳಿದಳು: “ಐತವಾರ ಬರ್ತೇನ್ರಿ. ಒಂದು ಹಾಡು ಪೂರಾ ಕಲಸ್ತೇನಿ.”

ಹೇಳಿದಂತೆ ಬಂದಳು. ಹತ್ತಕ್ಕೆ ಪಾಠ ಶುರುವಾಯಿತು. ಹತ್ತೂಕಾಲಿಗೆ ಅನುಜಾ, ಈ ಹಾಡಿಗೆ, ಒಂದು ದನಿಯನ್ನು ಹಲವಾಗಿ ಕೇಳಿಸುವ ಕೋರಸ್ ಎಫೆಕ್ಟ್ ಮುಂದೆ ಇದ್ದರೆ ಹೇಗೆ ಎಂದಳು. ಇರಮ ಬೇಡವೆಂದು ತಲೆಯಾಡಿಸಿ ಒಂದು ಸಾಲು ಕಲಿಸಿದಳು. ಆಮೇಲೆ ಅವಳಿಗೂ ಅನುಮಾನ ಬಂದು, ಹಿಂದೆ ಇಟ್ಟೂ ನೋಡೋಣ ಎಂದಳು. ಇಬ್ಬರೂ ಪರದೆಯ ಮೇಲೆ ಬಾಗಿದರು. ಸುಧೀರ ಊಟಕ್ಕೆ ಮೂರು ಸಲ ಕರೆದ. ಐದು ಗಂಟೆಗೆ ಇರಮ ಅಫಜಲಪುರದ ಬಸ್ಸು ಹಿಡಿಯುವ ಹೊತ್ತಿಗೆ ಹಾಡು ಎರಡನೆಯ ಸಾಲಿನಲ್ಲೇ ನಿಂತಿತ್ತು, ಪ್ಯಾಚ್ ಮಾತ್ರ ತಯಾರಾಗಿತ್ತು.