ಮುಚ್ಚಳ ಹಾಕಿದ ಕ್ಯಾಮೆರಾ

ಮೇಷ್ಟ್ರ ಫೋಟೊ ಶಿಬಿರದಲ್ಲಿ ಒಂದು ಕಟ್ಟಳೆಯಿತ್ತು. ಹಗಲೆಲ್ಲ ಗೊತ್ತಿಲ್ಲದ ಊರಿನ ಬೀದಿ ಅಲೆದು ಫೋಟೊ ತೆಗೆಯುವುದು, ಸಂಜೆ ಹೋಟೆಲಿನ ಉದ್ದನೆಯ ಮೇಜಿನ ಸುತ್ತ ಕುಳಿತು ನಮ್ಮ ನಮ್ಮ ಕ್ಯಾಮೆರಾವನ್ನು ಎಡಗಡೆಯವರಿಗೆ ಒಪ್ಪಿಸುವುದು. ಅವರು ಎಲ್ಲ ನೋಡಿ, ಒಂದೇ ಒಂದನ್ನು ಆರಿಸಿ ಮೇಷ್ಟ್ರ ಲ್ಯಾಪ್‌ಟಾಪಿಗೆ ಹಾಕಿ, ಉಳಿದದ್ದನ್ನೆಲ್ಲ ಅಳಿಸಬೇಕು. ಆ ಹೊತ್ತಿನಲ್ಲಿ ಯಾರೂ ತುಟಿ ಬಿಚ್ಚುವಂತಿಲ್ಲ. “ನೀವೇ ವಕಾಲತ್ತು ವಹಿಸೋದಾದ್ರೆ ಫೋಟೊ ಯಾಕೆ ಬೇಕು?” ಎನ್ನುತ್ತಿದ್ದರು ಮೇಷ್ಟ್ರು. ಹಿಂದೆ ಯಾರೋ ಜಾಣರು ಅಳಿಸಿದ್ದನ್ನು ಕದ್ದುಮುಚ್ಚಿ ಕಂಪ್ಯೂಟರಿನಲ್ಲಿ ವಾಪಸ್ ಎತ್ತಿಕೊಂಡಿದ್ದರಂತೆ. ಅಂದಿನಿಂದ ಇನ್ನೊಂದು ಶಾಸ್ತ್ರ ಸೇರಿತು: ಅಳಿಸಿದ ಮೇಲೆ ಲೆನ್ಸಿಗೆ ಮುಚ್ಚಳ ಹಾಕಿ, ಕಾರ್ಡು ತುಂಬುವ ತನಕ ವಿಡಿಯೊ ಓಡಿಸುವುದು. ಹಳೆಯದರ ಮೇಲೆ ಹೀಗೆ ಕತ್ತಲೆ ತುಂಬಿಬಿಟ್ಟರೆ ಆಮೇಲೆ ಯಾವ ಬ್ರಹ್ಮ ಬಂದರೂ ಎತ್ತಲಾರ.

ನನಗೆ ಇದರಿಂದ ನಷ್ಟವೇನೂ ಇರಲಿಲ್ಲ. ನಾನು ತೆಗೆದದ್ದರಲ್ಲಿ ಉಳಿಸಿಕೊಳ್ಳುವಂಥದ್ದು ಒಂದೂ ಇರುತ್ತಿರಲಿಲ್ಲ ಬಿಡಿ. ಕ್ಯಾಮೆರಾ ನನ್ನದಲ್ಲ, ತಮ್ಮನದು. ಹೋದ ವರ್ಷ ಇದೇ ಮೇಷ್ಟ್ರ ಶಿಬಿರ ಮುಗಿಸಿಕೊಂಡು ಮನೆಗೆ ಬರುವಾಗ ಬಸ್ಸು ಮಗುಚಿ ಸತ್ತ. ಕ್ಯಾಮೆರಾಕ್ಕೆ ಮಾತ್ರ ಒಂದು ಗೀರೂ ಬೀಳಲಿಲ್ಲ, ಅದರ ಮೇಲೆ ನನಗೆ ಆ ಸಿಟ್ಟು ಇನ್ನೂ ಇದೆ. ತೆರೆದು ನೋಡಿದರೆ ಒಳಗಿನ ಕಾರ್ಡು ಖಾಲಿ. ಇವನು ಏನನ್ನು ನೋಡಲು ಹೀಗೆ ಅಲೆಯುತ್ತಿದ್ದ, ನಾನೂ ನೋಡಿಯೇ ಬಿಡುತ್ತೇನೆ ಎಂದು ಹಟಕ್ಕೆ ಬಿದ್ದು ಈ ಸಲ ಹೆಸರು ಕೊಟ್ಟಿದ್ದೆ.

ನಂಟರಿಷ್ಟರ ಮುಖವನ್ನೆಲ್ಲ ಫೋಟೊದಲ್ಲಿ ಹಿಡಿದವನ ಮುಖ ನಮ್ಮ ಹತ್ತಿರ ಇರಲಿಲ್ಲ. ಕ್ಯಾಮೆರಾ ಕಸಿದುಕೊಳ್ಳಲು ಹೋದರೆ, “ನನ್ನ ಮುಖ ನೋಡಿ ಯಾರಿಗೇನಾಗ್ಬೇಕಕ್ಕ?” ಎಂದು ಓಡಿಬಿಡುತ್ತಿದ್ದ. ಇದ್ದದ್ದು ಅವನ ಆಫೀಸಿನ ಗುರುತಿನ ಚೀಟಿಯ ಫೋಟೊ ಒಂದೇ. ಅದರಲ್ಲಿ ಬಾಯಿ ಬಿಗಿದುಕೊಂಡು, ಯಾರದೋ ಪರ್ಸು ಎಗರಿಸಿ ಸಿಕ್ಕಿಬಿದ್ದವನ ಹಾಗೆ ನಿಂತಿದ್ದಾನೆ. ಅದನ್ನು ದಿನಾ ನೋಡಿ ನೋಡಿ ಅಮ್ಮ ಒಂದು ದಿನ ಕಂಗಾಲಾಗಿ, “ಅವನು ನಕ್ಕರೆ ಹೇಗಿರ್ತಿತ್ತೇ? ಕಣ್ಣಿಗೆ ಕಟ್ತಾ ಇಲ್ಲ ಕಣೇ,” ಎಂದಳು. ನಾನು ನೆನಪಿಸಿಕೊಳ್ಳಲು ಹೋದರೆ ನನಗೂ ಅದೇ ಬಿಗಿದ ಬಾಯಿ ಅಡ್ಡ ಬಂತು.

ಅವತ್ತು ಬೆಳಿಗ್ಗೆ ಬ್ಯಾಟರಿ ಹಾಕಿಕೊಡುತ್ತಿದ್ದ ಮೇಷ್ಟ್ರು ಪಕ್ಕದ ಪುಟ್ಟ ಬಾಗಿಲು ತೆರೆದು ನಿಂತುಬಿಟ್ಟರು.

“ಇದರಲ್ಲಿ ಎರಡು ಕಾರ್ಡಿದೆಯಲ್ಲಮ್ಮ! ನೀವು ನೋಡೇ ಇಲ್ವಾ?”

ಏನೋ ಒತ್ತಿ ಕ್ಯಾಮೆರಾವನ್ನು ಆ ಎರಡನೆಯ ಕಾರ್ಡಿಗೆ ಬದಲಿಸಿ ತೆರೆದರು. ಹೋದ ವರ್ಷದ ತಾರೀಕು.

“ಅವನ ಫೋಟೊ ಇರುತ್ತಾ ಸಾರ್?”

“ಇರಲೇಬೇಕು. ಕೊನೇ ದಿನ ಒಬ್ಬರ ಕ್ಯಾಮೆರಾದಲ್ಲಿ ಇನ್ನೊಬ್ಬರು ಆ ಕ್ಯಾಮೆರಾದವರದೇ ಫೋಟೊ ತೆಗೀತಾರೆ. ಅವತ್ತು ಅಳಿಸೋದೂ ಇಲ್ಲ. ಬೀದೀಲಿ ನಿಂತು ಈ ಅಂಗೈಯಗಲದ ಪರದೇಲಿ ನೋಡ್ಬೇಡಿ. ಸಂಜೆ ದೊಡ್ಡದಾಗಿ ತೋರಿಸ್ತೀನಿ.”

ಬೀದಿಯಲ್ಲಿ ಅಳುವುದು ನನಗೂ ಬೇಡವಾಗಿತ್ತು. ದಿನವಿಡೀ ಒಂದೂ ಫೋಟೊ ತೆಗೆಯದೆ, ಕ್ಯಾಮೆರಾವನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ತಿರುಗಿದೆ. ಸಂಜೆ ಅದನ್ನು ಮೇಜಿನ ಮೇಲೆ ನನ್ನ ಜಾಗದಲ್ಲಿಟ್ಟು, ಅಮ್ಮನಿಗೆ ಸುದ್ದಿ ಹೇಳಲು ಬಾಲ್ಕನಿಗೆ ಹೋದೆ. ಅಮ್ಮ ಫೋನಿಡಲೇ ಇಲ್ಲ. ಅತ್ತಳು, ಮೂಗು ಸೊರಗುಟ್ಟಿಸಿದಳು, ಅವನು ಚಿಕ್ಕವನಿದ್ದಾಗಿನ ತರಲೆಗಳನ್ನೆಲ್ಲ ಮೊದಲಿನಿಂದ ಶುರುಮಾಡಿದಳು. ನಾನೂ ಖುಷಿಯಾಗಿ ಕೇಳುತ್ತಾ ನಿಂತೆ.

ಒಳಗೆ ಬಂದಾಗ ಮೇಜಿನ ಸುತ್ತ ಎಂದಿನ ಮೌನ. ಮೇಷ್ಟ್ರು ಮರುದಿನದ ವ್ಯಾನಿನ ವಿಷಯಕ್ಕೆ ಕೆಳಗೆ ಹೋಗಿದ್ದರು. ನನ್ನ ಎಡಗಡೆ ಕೂರುತ್ತಿದ್ದ ಹಲ್ಲಿನ ಡಾಕ್ಟರ ಮುಂದೆ ತಮ್ಮನ ಕ್ಯಾಮೆರಾ ಇತ್ತು. ಲೆನ್ಸಿಗೆ ಮುಚ್ಚಳ ಬಿದ್ದಿತ್ತು. ವಿಡಿಯೊ ಓಡುತ್ತಿರುವ ಕೆಂಪು ದೀಪ ಮಿನುಗುತ್ತಿತ್ತು.

ನಾನು ಕಿರುಚಿದ್ದು ಕೆಳಗಿನ ಮಹಡಿಗೂ ಕೇಳಿಸಿತಂತೆ. ಹಾರಿಬಿದ್ದು ಬ್ಯಾಟರಿ ಕಿತ್ತೆ. ಡಾಕ್ಟರು ಎದ್ದು ನಿಂತರು.

“ನಿಮ್ಮ ಜಾಗದಲ್ಲೇ ಇತ್ತಲ್ಲ ಮೇಡಂ... ನಿಮ್ಮದೇ ಅಂತ...”

“ಬಾಯಿ ಇರ್ಲಿಲ್ವಾ? ಒಂದು ಮಾತು ಕೇಳೋಕೆ ನಿಮಗೆ ಬಾಯಿ ಇರ್ಲಿಲ್ವಾ?”

“ಮಾತಾಡಬಾರದು ಅಂತ ನಿಯಮ ಅಲ್ವಾ...”

ಬಾಯಿಗೆ ಬಂದಂತೆ ಬೈದೆ. ಓಡಿ ಬಂದ ಮೇಷ್ಟ್ರು ಕಾರ್ಡನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಓಡಿಸಿದರು. ಕಾರ್ಡು ಹಳೆಯದು, ಪುಟ್ಟದು, ಅಷ್ಟರಲ್ಲಾಗಲೇ ಹೆಚ್ಚುಕಡಿಮೆ ತುಂಬಿಹೋಗಿತ್ತು. ಪರದೆಯ ಮೇಲೆ ಕಪ್ಪು ಬಿಟ್ಟು ಬೇರೇನೂ ಬರಲಿಲ್ಲ. ಇನ್ನೊಂದು ಸಲ, ಸಾರ್. ಇನ್ನೊಂದೇ ಸಲ. ನಾನು ಅವರ ತೋಳು ಹಿಡಿದು ಅಲ್ಲಾಡಿಸುತ್ತಿದ್ದೆ. ಅವರು ಮತ್ತೆ ಮತ್ತೆ ಓಡಿಸಿದರು. ಕೊನೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆ ನಿಯಮ ಕಟ್ಟಿದ ದೊಡ್ಡ ಮನುಷ್ಯ ನನ್ನ ಕಡೆ ತಲೆಯೆತ್ತಿ ನೋಡಲಿಲ್ಲ.

ಆಗ ನೆನಪಾಯಿತು. ಒಂದನ್ನು ಉಳಿಸಿರಬೇಕಲ್ಲ!

“ಆರಿಸಿದ್ದು? ಆರಿಸಿದ್ದೆಲ್ಲಿ?”

ಮೇಷ್ಟ್ರು ತೆರೆದರು. ಮುಚ್ಚಿದ ಅಂಗಡಿಯ ಮುಂದೆ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಅವುಗಳ ಕಾಲಿನ ನಡುವೆ ಸಂಜೆಯ ಬೆಳಕು. ಬಹಳ ಚೆನ್ನಾಗಿತ್ತು. ಒಂದು ನರಪಿಳ್ಳೆಯೂ ಇರಲಿಲ್ಲ.

“ಮನುಷ್ಯರದು ಇರ್ಲಿಲ್ವಾ ಡಾಕ್ಟ್ರೇ? ಒಬ್ಬ ಹುಡುಗನದು?”

“ಇತ್ತು. ಕೊನೇದು. ತೆಗೆದವರ ಕೈ ಅಲ್ಲಾಡಿತ್ತು, ಸ್ವಲ್ಪ ಮಸುಕಾಗಿತ್ತು. ಅದಕ್ಕೇ...”

“ಹೇಗಿದ್ದ?”

“ನಗ್ತಾ ಇದ್ರು. ಕಣ್ಣು, ಮೂಗು ಹೇಳೋಕಾಗಲ್ಲ ಮೇಡಂ, ನಾನು ಮುಖ ನೋಡಿದ್ರೆ ಬಾಯೇ ನೋಡೋದು. ಮೇಲಿನ ಎಡಗಡೆ ಕೋರೆಹಲ್ಲು ಪಕ್ಕದ ಹಲ್ಲಿನ ಮೇಲೆ ಹತ್ತಿ ಕೂತಿತ್ತು. ಬಾಯಿತುಂಬಾ ನಗ್ತಾ ಇದ್ರು.”

ಕೋರೆಹಲ್ಲು! ಅದಕ್ಕೆಂದೇ ಶಾಲೆಯಲ್ಲಿ ಅವನನ್ನು ರೇಗಿಸುತ್ತಿದ್ದರು, ಅದಕ್ಕೆಂದೇ ಫೋಟೊ ಅಂದರೆ ಬಾಯಿ ಬಿಗಿಯುತ್ತಿದ್ದ. ಅಂಥವನು ಕೊನೆಯ ದಿನ ಯಾರ ಮುಂದೋ ಬಾಯಿ ಬಿಟ್ಟು ನಕ್ಕಿದ್ದ.

ಫೋನು ಬಡಿದುಕೊಂಡಿತು. ಅಮ್ಮ.

“ನೋಡಿದ್ಯೇನೇ? ಇದಾನಾ?”

ಸುಳ್ಳು ಹೇಳಲೂ ಬರಲಿಲ್ಲ, ನಿಜ ಹೇಳಲೂ ಬರಲಿಲ್ಲ. “ಇದ್ದ ಅಮ್ಮ. ನಗ್ತಾ ಇದ್ದ. ಕೋರೆಹಲ್ಲು ಕಾಣೋ ಹಾಗೆ.”

“ಹೌದು ಕಣೇ! ಕೋರೆಹಲ್ಲು!” ಅಮ್ಮನ ದನಿ ಹುಡುಗಿಯ ದನಿಯಾಯಿತು. “ನೋಡು, ಮರೆತೇಬಿಟ್ಟಿದ್ದೆ ಪಾಪಿ ನಾನು. ಬೇಗ ಕಳಿಸೇ. ಕನ್ನಡಕ ಒರೆಸಿಕೊಂಡು ಕೂತಿದೀನಿ.”

ಲ್ಯಾಪ್‌ಟಾಪಿನಲ್ಲಿ ಕುರ್ಚಿಗಳು ಹಾಗೇ ಇದ್ದವು. ಡಾಕ್ಟರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದರು.

“ಕಳಿಸ್ತೀನಿ ಅಮ್ಮ,” ಎಂದೆ.