ಓಟ್ಸ್ ಬೇಯುವಷ್ಟು ಹೊತ್ತು

ಬಾಳೆಹಣ್ಣು ಹಿಸುಕುವುದು ಇಷ್ಟು ತಲೆನೋವಿನ ಕೆಲಸವೆಂದು ಅವನಿಗೆ ಗೊತ್ತಿರಲಿಲ್ಲ. ಫೋರ್ಕಿನ ಬೆನ್ನಿನಿಂದ ಒತ್ತಿದರೆ ಹಣ್ಣು ಬಟ್ಟಲಿನ ಆಚೆ ಅಂಚಿಗೆ ಜಾರುತ್ತಿತ್ತು; ಅಟ್ಟಿಸಿಕೊಂಡು ಹೋದರೆ ಮತ್ತೆ ಈಚೆಗೆ. ಕೊನೆಗೆ ಫೋರ್ಕನ್ನು ಸಿಂಕಿಗೆ ಎಸೆದು, ಕೈ ತೊಳೆದುಕೊಂಡು, ಐದು ಬೆರಳಿನಿಂದಲೇ ಹಿಸುಕತೊಡಗಿದ. ಒಂದು ಗಂಟೂ ಉಳಿಯಬಾರದು. ಒಳಗಿನ ಕೋಣೆಯಲ್ಲಿ ಅತ್ತೆ ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿಸಿತು. ಎಳೆದರು, ತೆಗೆದರು, ಏನನ್ನೋ ತುರುಕಿದರು, ಮತ್ತೆ ಎಳೆದರು. ಆ ಸದ್ದು ಕೇಳಿದಾಗಲೆಲ್ಲ ಅವನು ಇನ್ನೂ ಜೋರಾಗಿ ಹಿಸುಕುತ್ತಿದ್ದ.

ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವನು. ಅಂಥ ಕಾರುಗಳಲ್ಲಿ ಕಲಿಸುವವನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ತುಳಿಯುವುದು ಸ್ವಲ್ಪ ಜಾಸ್ತಿಯೇ ಎಂದು ಕಲಿಯುವವರು ಅವನಿಗೆ 'ಬ್ರೇಕ್ ಮೇಷ್ಟ್ರು' ಎಂದು ಹೆಸರಿಟ್ಟಿದ್ದರು. "ಕಾರಿಗೆ ಎರಡೆರಡು ಬ್ರೇಕು, ಈ ಬಾಯಿಗೆ ಒಂದೂ ಇಲ್ಲ" ಎಂದು ಹೆಂಡತಿ ಅದಕ್ಕೊಂದು ಬಾಲ ಸೇರಿಸಿದ್ದಳು. ತಮಾಷೆಯ ಮಾತು. ಈ ವಾರ ಮಾತ್ರ ಅದು ನೆನಪಾದಾಗ ಅವನಿಗೆ ನಗು ಬರುತ್ತಿರಲಿಲ್ಲ.

ಅತ್ತೆ ಬಂದದ್ದು ಹಲ್ಲಿನ ಸಲುವಾಗಿ. ಅಲುಗಾಡುತ್ತಿದ್ದುದನ್ನೆಲ್ಲ ಕಿತ್ತು, ವಸಡು ಮಾಗಿದ ಮೇಲೆ ಹೊಸ ಸೆಟ್ಟು ಕೂರಿಸುತ್ತೇನೆ ಎಂದು ಇಲ್ಲಿಯ ಹಲ್ಲಿನ ಡಾಕ್ಟರು ಹೇಳಿದ್ದರು. ಮಾಗುವವರೆಗೆ ಮಗಳ ಮನೆ. ಮನೆಯೆಂದರೆ ಒಂದು ಕೋಣೆ, ಒಂದು ಹಾಲ್, ಇಬ್ಬರು ಎದುರುಬದುರಾದರೆ ಒಬ್ಬರು ಹಿಂದೆ ಸರಿಯಬೇಕಾದ ಅಡುಗೆಮನೆ. ಕೋಣೆಯನ್ನು ಅತ್ತೆಗೆ ಬಿಟ್ಟು ಅವನು ಹಾಲ್‌ನ ಸೋಫಾಕ್ಕೆ ಬಂದ. ಸೋಫಾ ಅವನಿಗಿಂತ ಒಂದು ಗೇಣು ಗಿಡ್ಡ. ಬೆಳಿಗ್ಗೆ ಕತ್ತು ಹಿಡಿದುಕೊಂಡು ಏಳುವ ಹೊತ್ತಿಗೆ ಅತ್ತೆಯ ದಿನಚರಿ ಶುರುವಾಗಿರುತ್ತಿತ್ತು. ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಹಾಕಿಸಿ. ಆ ಲೈಟು ಯಾರಿಗಾಗಿ ಉರಿಯುತ್ತಿದೆ? ಚಪ್ಪಲಿ ಜೋಡಿಯಾಗಿಯೇ ಇರಬೇಕಲ್ಲವೇ, ಒಂದು ಪೂರ್ವಕ್ಕೆ ಒಂದು ಪಶ್ಚಿಮಕ್ಕೆ ಯಾಕೆ? ಹೇಳುತ್ತಿದ್ದುದೆಲ್ಲ ಸರಿಯಾದ ಮಾತೇ. ಸರಿಯಾದ ಮಾತಿಗೆ ಬರುವಷ್ಟು ಸಿಟ್ಟು ತಪ್ಪು ಮಾತಿಗೆ ಬರುವುದಿಲ್ಲ.

ಅತ್ತೆ ಕೆಲಸದಲ್ಲಿದ್ದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ನಂಬರು ಕೇಳಿ, ತಂತಿ ಸಿಕ್ಕಿಸಿ, ಊರಿಂದೂರಿಗೆ ಮಾತು ದಾಟಿಸುವ ಕೆಲಸ. ಆ ದನಿ ಕೇಳುವುದಕ್ಕೆಂದೇ ಕೆಲವರು ಇಲ್ಲದ ನೆಂಟರಿಗೆಲ್ಲ ಕಾಲ್ ಬುಕ್ ಮಾಡುತ್ತಿದ್ದರಂತೆ; ಅಂಥವರಲ್ಲಿ ಒಬ್ಬರು ಆಮೇಲೆ ಅವನ ಮಾವನಾದರು. ದನಿ ಹೇಗೋ ಕಿವಿಯೂ ಹಾಗೆಯೇ ಚುರುಕು. ಮೂರನೇ ಮನೆಯ ಕುಕ್ಕರಿನ ಸೀಟಿ ಎಣಿಸುವ ಕಿವಿ ಎಂದು ಹೆಂಡತಿಯೇ ಹೇಳುತ್ತಿದ್ದಳು. ಅದಕ್ಕೇ ಅವನಿಗೆ ಅನುಮಾನವೇ ಇರಲಿಲ್ಲ, ಅವತ್ತಿನ ಮಾತು ಅತ್ತೆಗೆ ಕೇಳಿಸಿಯೇ ಇದೆ.

ಅವತ್ತು ಅವನು ಬಾಲ್ಕನಿಯಲ್ಲಿ ನಿಂತು ಸ್ಕೂಲಿನ ಇನ್ನೊಬ್ಬ ಮೇಷ್ಟ್ರ ಜೊತೆ ಫೋನಿನಲ್ಲಿದ್ದ. ಕತ್ತು ನೋಯುತ್ತಿತ್ತು, ನಲ್ಲಿಯ ವಿಷಯ ಆಗಷ್ಟೇ ಇನ್ನೊಮ್ಮೆ ಬಂದು ಹೋಗಿತ್ತು. "ಇನ್ನೆಷ್ಟು ದಿನ ಇರ್ತಾರೆ?" ಎಂದು ಆತ ಕೇಳಿದ. "ಯಾರಿಗೊತ್ತು ಕಣೋ. ಹಲ್ಲು ಕಿತ್ತ ಹಾವು ಬುಟ್ಟಿಲಿ ತೆಪ್ಪಗಿರತ್ತೆ ಅಂತಾರೆ. ಇದು ಹಲ್ಲು ಕಿತ್ಮೇಲೆ ಇನ್ನೂ ಜಾಸ್ತಿ ಬುಸುಗುಡ್ತಿದೆ" ಎಂದ ಇವನು. ಆಚೆಯಿಂದ ದೊಡ್ಡ ನಗು ಬಂತು. ಇವನೂ ನಕ್ಕು ತಿರುಗಿದರೆ ಬಾಗಿಲಲ್ಲಿ ಅತ್ತೆ, ಕೈಯಲ್ಲಿ ಒದ್ದೆ ಟವಲ್. ಅವನ ಮುಖ ನೋಡದೆ ಟವಲನ್ನು ಹಗ್ಗದ ಮೇಲೆ ಹರವಿ, ಎರಡು ಕ್ಲಿಪ್ ಹಾಕಿ, ಒಳಗೆ ಹೋದರು.

ಆ ದಿನವೇ ಅತ್ತೆಯ ಮಾತು ನಿಂತಿತು. ನಲ್ಲಿ ತೊಟ್ಟಿಕ್ಕಿತು, ಲೈಟು ಉರಿಯಿತು, ಚಪ್ಪಲಿಗಳು ದಿಕ್ಕಿಗೊಂದಾದವು. ಯಾರೂ ಏನೂ ಹೇಳಲಿಲ್ಲ. ಏನಾದರೂ ಬೇಕಿದ್ದರೆ ಕೈಸನ್ನೆ, ಬೇಡವಾದರೆ ತಲೆ ಅಲ್ಲಾಡಿಸುವುದು. ಮನೆ ನಿಶ್ಶಬ್ದವಾದರೆ ಸಾಕು ಎಂದು ಬಯಸಿದ್ದವನಿಗೆ ಈಗ ನಲ್ಲಿಯ ತೊಟ್ಟು ಒಂದೊಂದೂ ಕೇಳಿಸತೊಡಗಿತು. ಒಂದು ಸಂಜೆ ಯಾರೂ ಹೇಳದೆಯೇ ಅವನು ಹೊಸ ವಾಷರ್ ತಂದು ಹಾಕಿದ. ಅತ್ತೆ ನಲ್ಲಿಯನ್ನು ನೋಡಿದರು, ಅವನನ್ನು ನೋಡಿದರು, ತಲೆಯಾಡಿಸಿ ಹೋದರು.

ನಿನ್ನೆ ಊಟವಾದ ಮೇಲೆ ಹೆಂಡತಿ ಅವನನ್ನು ಅಡುಗೆಮನೆಗೆ ಕರೆದಳು. "ಅಮ್ಮ ನಾಳೆ ಹೊರಡ್ತೀನಿ ಅಂತಿದ್ದಾಳೆ. ಸೆಟ್ಟು ರೆಡಿಯಾದ್ಮೇಲೆ ಬಂದು ಹಾಕಿಸ್ಕೋತಾಳಂತೆ. ಯಾಕೆ ಅಂದ್ರೆ ಬರೀ ತಲೆ ಅಲ್ಲಾಡಿಸ್ತಾಳೆ. ರೀ, ನೀವೇನಾದ್ರೂ ಅಂದ್ರಾ?"

"ನಾನೇನನ್ಲಿ?" ಎಂದ ಅವನು. ಅದು ಉತ್ತರವಲ್ಲವೆಂದು ಅವನಿಗೂ ಗೊತ್ತಿತ್ತು. ಹೆಂಡತಿ ಒಂದು ಗಳಿಗೆ ಅವನ ಮುಖ ನೋಡಿ, "ಇಲ್ಲ ಬಿಡಿ, ನೀವು ಅಂಥೋರಲ್ಲ" ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದು. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟವಳು, ಪಾಳಿ ಮುಗಿಸಿ ಬಂದು ಅಮ್ಮನನ್ನು ಬಸ್ಸು ಹತ್ತಿಸುತ್ತೇನೆ ಎಂದಿದ್ದಳು. ಅವಳು ಬಾಗಿಲು ಹಾಕಿಕೊಂಡು ಹೋದ ಮೇಲೆ ಅವನು ಬೆಳಗಿನ ಕ್ಲಾಸುಗಳನ್ನೆಲ್ಲ ರದ್ದು ಮಾಡಿ ಅಡುಗೆಮನೆ ಹೊಕ್ಕ. ಇಷ್ಟು ದಿನ ಗಂಜಿ ಕುಡಿದ ಬಾಯಿ, ಹೋಗುವ ದಿನವಾದರೂ ಏನಾದರೂ ರುಚಿಯಾದದ್ದು ತಿಂದು ಹೋಗಲಿ. ರಜೆಯ ದಿನ ಹೆಂಡತಿ ಓಟ್ಸನ್ನು ಹಣ್ಣಿನ ಜೊತೆ ಓವನ್ನಿನಲ್ಲಿ ಬೇಯಿಸುವುದನ್ನು ಅವನು ನೋಡಿದ್ದ. ಬಾಯಲ್ಲಿಟ್ಟರೆ ಕರಗುತ್ತಿತ್ತು. ನೋಡಿದ್ದ ಎಂದರೆ, ಪೇಪರಿನ ಮೇಲಿನಿಂದ ಆಗಾಗ ಕಣ್ಣೆತ್ತಿದ್ದ.

ಹಿಸುಕಿದ ಬಾಳೆಹಣ್ಣಿಗೆ ಮೊಟ್ಟೆ ಒಡೆದು ಹಾಕಿದ. ಚಿಪ್ಪಿನ ಚೂರೊಂದು ಒಳಗೆ ಬಿತ್ತು. ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಬೆವರಿದ. ವಸಡಿಗೆ ಅದು ಚುಚ್ಚಿದರೆ? ಸೇಬನ್ನು ಹೆಚ್ಚಿದರೆ ತುಂಡು ಗಟ್ಟಿಯಾಗಿ ಉಳಿದೀತೆಂದು ತುರಿದ, ತುರಿಯುತ್ತ ಬೆರಳ ಗೆಣ್ಣನ್ನೂ ಒಂದಿಷ್ಟು ತುರಿದುಕೊಂಡ. ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಸಿ ಹಿಂಡಿದ. ಹಾಲು, ಜೇನುತುಪ್ಪ, ಚಿಟಿಕೆ ಉಪ್ಪು, ಚಕ್ಕೆಯ ಪುಡಿ, ಬೇಕಿಂಗ್ ಪೌಡರ್, ಕೊನೆಗೆ ಓಟ್ಸ್. ಎಲ್ಲ ಕಲಸಿ, ಬೆಣ್ಣೆ ಸವರಿದ ಗಾಜಿನ ಟ್ರೇಗೆ ಸುರಿದು ಓವನ್ನಿನೊಳಗೆ ತಳ್ಳಿದ. ಬಾಗಿಲಿನ ಗಾಜಿನಾಚೆ ಹಳದಿ ದೀಪ ಹೊತ್ತಿಕೊಂಡಿತು. ಇನ್ನು ಬೇಯುವವರೆಗೆ ಮಾಡಲು ಕೆಲಸವಿಲ್ಲ. ಅವನಿಗೆ ಭಯವಾದದ್ದು ಆಗ.

ಅತ್ತೆ ಬ್ಯಾಗನ್ನು ಬಾಗಿಲ ಬಳಿ ಇಟ್ಟು ಅಡುಗೆಮನೆಗೆ ಇಣುಕಿದರು. ಹೊರಡುವ ಸೀರೆ ಉಟ್ಟು, ತಲೆ ಬಾಚಿ ಆಗಿತ್ತು. ಬಾಯಿಗೆ ಸೆರಗಿನ ತುದಿ ಅಡ್ಡ ಹಿಡಿದಿದ್ದರು.

"ಏನು ಇದೆಲ್ಲ?"

ಎಷ್ಟೋ ದಿನದ ಮೇಲೆ ಅವರ ದನಿ ಕೇಳಿ ಅವನು ಸರಕ್ಕನೆ ತಿರುಗಿದ. "ನಿಮಗೇ ಅತ್ತೆ. ಓಟ್ಸು. ಮೆತ್ತಗಿರತ್ತೆ. ಕೂತ್ಕೊಳಿ."

"ನನಗೆ ಹಾಲೊಂದು ಇದ್ದಿದ್ರೆ ಆಗಿತ್ತು" ಎಂದರು, ಆದರೂ ಸ್ಟೂಲು ಎಳೆದು ಕೂತರು. ಇಬ್ಬರೂ ಓವನ್ನಿನ ಗಾಜನ್ನು ನೋಡುತ್ತ ಕೂತರು. ಚಕ್ಕೆಯ ವಾಸನೆ ಮೆಲ್ಲಗೆ ಎದ್ದಿತು. ಮಾತಿಲ್ಲದೆ ಕೂರುವುದು ಅವನಿಗೆ ಹೇಗೂ ಬಾರದು. ಎದ್ದು, ತೊಳೆದಿದ್ದ ಬಟ್ಟಲನ್ನು ಇನ್ನೊಮ್ಮೆ ತೊಳೆದು, ಸಿಂಕಿನ ಕಡೆ ಮುಖ ಮಾಡಿಕೊಂಡೇ ಹೇಳಿಬಿಟ್ಟ.

"ಅತ್ತೆ, ನನ್ನಿಂದ ತಪ್ಪಾಯ್ತು. ಅವತ್ತು ಬಾಲ್ಕನಿಲಿ ನಾನು ಹಾಗೆ ಅನ್ಬಾರ್ದಿತ್ತು. ಬಾಯಿ ಜಾರ್ತು. ಹಲ್ಲು ಕಿತ್ತ ಹಾವು ಅಂತೆಲ್ಲ... ಮನಸ್ಸಲ್ಲಿ ಇಟ್ಕೋಬೇಡಿ. ಆ ಮಾತಿಗೆ ನೀವು ಮನೆ ಬಿಟ್ಟು ಹೋಗ್ತೀರಾ ಅಂದ್ರೆ ನನ್ನ ಕೈಲಿ ತಡ್ಕೊಳಕ್ಕಾಗಲ್ಲ."

ಬಟ್ಟಲು ಹಿಡಿದುಕೊಂಡೇ ತಿರುಗಿದ. ಅತ್ತೆಯ ಹುಬ್ಬುಗಳು ಒಂದಕ್ಕೊಂದು ಹತ್ತಿರ ಬಂದಿದ್ದವು.

"ಯಾವ ಹಾವು?"

"ಅದೇ... ಫೋನಲ್ಲಿ. ನೀವು ಟವಲ್ ಹರಡೋಕೆ ಬಂದಿದ್ರಲ್ಲ. ಕೇಳಿಸ್ಕೊಂಡ್ರಲ್ಲ?"

ಅತ್ತೆ ಎರಡೂ ಕೈಯಿಂದ ತಮ್ಮ ಕೆನ್ನೆಯನ್ನು ಕಿವಿಯವರೆಗೆ ಮುಚ್ಚಿ ತೋರಿದರು. "ಅವತ್ತು ಮಫ್ಲರ್ ಕಟ್ಟಿತ್ತಲ್ಲ, ಬಾವು ಇತ್ತು ಅಂತ. ಒಂದು ಮಾತೂ ಕಿವಿಗೆ ಬಿದ್ದಿಲ್ಲ."

ಬಟ್ಟಲಿನ ನೀರು ಅವನ ಕಾಲ ಮೇಲೆ ತೊಟ್ಟಿಕ್ಕುತ್ತಿತ್ತು. ಕಂದು ಬಣ್ಣದ ಉಣ್ಣೆಯ ಮಫ್ಲರ್, ನೆತ್ತಿಯ ಮೇಲೆ ಗಂಟು. ಅದನ್ನು ನೋಡಿಯೂ ಇದ್ದ, ನೋಡಿ ಒಳಗೊಳಗೇ ನಕ್ಕೂ ಇದ್ದ. ಅತ್ತೆಗೆ ಯಾರೂ ಬಡಿಸದಿದ್ದ ವಿಷವನ್ನು ತಾನೇ ಇವತ್ತು ತಟ್ಟೆಗೆ ಹಾಕಿ ಕೊಟ್ಟಂತಾಗಿತ್ತು.

"ಪೂರ್ತಿ ಹೇಳಿ" ಎಂದರು ಅತ್ತೆ.

"ಬೇಡ ಅತ್ತೆ."

"ಅರ್ಧ ಮಾತಲ್ಲಿ ಲೈನ್ ಕಟ್ ಮಾಡಬಾರದು ಅಳಿಯಂದ್ರೇ. ಹೇಳಿ."

ಅವನು ಹೇಳಿದ. ಬುಟ್ಟಿ, ಬುಸುಗುಡುವುದು, ಎಲ್ಲ. ಬಾಲ್ಕನಿಯಲ್ಲಿ ಒಂದೇ ಉಸಿರಿಗೆ ಉರುಳಿ ಬಂದಿದ್ದ ಮಾತು ಇಲ್ಲಿ ಒಂದೊಂದು ಪದಕ್ಕೂ ಎಡವಿತು. ಅತ್ತೆ ನಂಬರು ಬರೆದುಕೊಳ್ಳುವವರಂತೆ ತಲೆ ಬಗ್ಗಿಸಿ ಕೇಳಿದರು.

"ಆ ಕಡೆಯವನು ನಕ್ಕನಾ?"

"ನಕ್ಕ."

"ಹೂಂ."

"ಮತ್ತೆ ಯಾಕತ್ತೆ ಮಾತು ಬಿಟ್ರಿ?" ಅವನ ದನಿ ಬೇಡುವಂತಿತ್ತು. "ಯಾಕೆ ಹೊರಟ್ರಿ?"

"ಅದೇ ದಿನ ಮಧ್ಯಾಹ್ನ ನನಗೆ ಗಂಜಿ ಹಾಕ್ತಾ ಇದ್ರಿ. ನಾನು ಅಂದೆ..." ಎಂದು ಅತ್ತೆ ಅಲ್ಲಿಗೇ ತಡೆದರು. ಆಮೇಲೆ ಮಗುವಿಗೆ ಹೇಳಿಕೊಡುವ ಹಾಗೆ, ತುಟಿ ನಾಲಿಗೆಗಳನ್ನೆಲ್ಲ ಒಟ್ಟುಗೂಡಿಸಿ ಆ ಪದವನ್ನು ಹೇಳಿದರು. "ಹಾಕು."

ಅವರು ಹೇಳಲು ಹೊರಟದ್ದು 'ಸಾಕು' ಎಂದು. ಹಲ್ಲಿಲ್ಲದ ಬಾಯಲ್ಲಿ 'ಸ' ನಿಲ್ಲುತ್ತಿರಲಿಲ್ಲ, ಬರೀ ಗಾಳಿಯಾಗಿ ಹೋಗುತ್ತಿತ್ತು. ಅವನಿಗೆ ಎಲ್ಲ ನೆನಪಾಯಿತು. 'ಹಾಕು' ಎಂದರು, ಹಾಕಿದ. ಮತ್ತೂ ಜೋರಾಗಿ 'ಹಾಕು' ಎಂದರು, ಮತ್ತೂ ಹಾಕಿದ. ಗಂಜಿ ಬಟ್ಟಲು ತುಂಬಿ, ಮೇಜಿನ ಮೇಲೆ ಹರಿದು, ಅತ್ತೆಯ ಮಡಿಲಿಗೆ ಬಿತ್ತು. ಅರ್ಥವಾದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಹೆಂಡತಿಯನ್ನು ಕೂಗಿ ಕರೆದು, ಅತ್ತೆಯ ದನಿಯಲ್ಲೇ ಹೇಳಿ ತೋರಿಸಿದ್ದ. ಅವಳೂ ನಕ್ಕಿದ್ದಳು. ಅತ್ತೆಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಂತಿತ್ತು. ನಕ್ಕಿದ್ದರು ಎಂದೇ ಅವನು ತಿಳಿದಿದ್ದ. ಅದು ತಪ್ಪೆಂದು ಇಷ್ಟು ದಿನದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

"ಈ ಬಾಯಿಂದ್ಲೇ ಅನ್ನ ದುಡಿದೋಳು ನಾನು" ಎಂದರು ಅತ್ತೆ. "ಒಂದು ಅಕ್ಷರ ತಪ್ಪಿದ್ರೆ ಕಾಲ್ ಬೇರೆ ಊರಿಗೆ ಹೋಗ್ತಿತ್ತು. ಒಮ್ಮೆಯೂ ಹೋಗಿಲ್ಲ. ನೀವು ನಕ್ಕಿದ್ದಕ್ಕೆ ನನಗೇನೂ ಇಲ್ಲ, ನಗು ಬರೋ ಮಾತೇ. ಆದ್ರೆ ಊರಲ್ಲಿ ನಾನೊಬ್ಳೇ ಇರೋ ರೂಮಿಗೆ ಹೋದ್ರೆ ಬಾಯಿ ತೆರೆಯೋ ಕೆಲ್ಹಾನೇ ಇರಲ್ಲ ನೋಡಿ."

'ಕೆಲಸ' ಜಾರಿ ಹೋಗಿತ್ತು. ಅವರಿಗೂ ಅದು ಕೇಳಿಸಿತು. ಸೆರಗು ಮೇಲೆ ಹೋಯಿತು. ಇಷ್ಟು ಹೊತ್ತು ಅವರು ಆ ಅಕ್ಷರವಿರುವ ಪದಗಳನ್ನೆಲ್ಲ ಹೊಂಡ ತಪ್ಪಿಸಿದಂತೆ ತಪ್ಪಿಸಿ ಮಾತಾಡುತ್ತಿದ್ದರೆಂದು ಅವನಿಗೆ ಆಗ ತಿಳಿಯಿತು. ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಸಿಂಕಿನಲ್ಲಿಟ್ಟ.

"ಹೊತ್ತಿತು" ಎಂದರು ಅತ್ತೆ.

"ಆಂ?"

"ಓವನ್ನು!"

ಅವನು ಬಟ್ಟೆ ಹಿಡಿದು ಟ್ರೇಯನ್ನು ಎಳೆದು ಹಾಕಿದ. ನಡುವೆ ಹೊಂಬಣ್ಣಕ್ಕೆ ಉಬ್ಬಿತ್ತು, ದ್ರಾಕ್ಷಿ ಅಲ್ಲಲ್ಲಿ ಬಾಯಿಬಿಟ್ಟಿತ್ತು. ನಾಲ್ಕೂ ಅಂಚು ಮಾತ್ರ ಸೀದು ಕಪ್ಪಗೆ ಹಲಗೆಯಂತಾಗಿದ್ದವು. ಅವನು ಅಲ್ಲೇ ನಿಂತುಬಿಟ್ಟ. ಇಷ್ಟೆಲ್ಲ ಮಾಡಿ ಇದೂ ಹೀಗಾಯಿತು.

ಬೀಗದ ಸದ್ದಾಯಿತು. ಹೆಂಡತಿ ಒಳಗೆ ಬಂದವಳು ಬಾಗಿಲ ಬಳಿಯ ಬ್ಯಾಗು ನೋಡಿದಳು, ಸುಟ್ಟ ವಾಸನೆ ಮೂಸಿದಳು, ಗಂಡನ ಮುಖ ನೋಡಿ ನಿಂತಳು. "ಏನಾಯ್ತು? ಯಾಕೆ ಇಬ್ರೂ ಹೀಗಿದ್ದೀರಾ?"

ಅವನು ಬಾಯಿ ತೆರೆದ. ಹೇಳಿಬಿಡುವುದೆಂದೇ ತೀರ್ಮಾನಿಸಿದ್ದ. ಅಷ್ಟರಲ್ಲಿ ಅತ್ತೆ, "ನಿನ್ನ ಗಂಡ ಅಡುಗೆ ಮಾಡಿದ್ದಾರೆ. ತಟ್ಟೆ ತಗೊಂಡು ಬಾ" ಎಂದರು.

"ಬಸ್ಸಿಗೆ ಹೊತ್ತಾಗತ್ತಲ್ಲಮ್ಮ."

ಅತ್ತೆ ಸೆರಗನ್ನು ಬಾಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಬಹ್ಹು ನಾಳೆನೂ ಇರತ್ತೆ" ಎಂದರು, ಸ್ಪಷ್ಟವಾಗಿ, ಇಬ್ಬರೂ ಕೇಳಲೆಂಬಂತೆ. ಅವನು ನೆಲ ನೋಡಿದ. ಹೆಂಡತಿ ತಟ್ಟೆ ತರಲು ಹೋದಳು.

ಮೂವರೂ ಆ ಸಣ್ಣ ಮೇಜಿನ ಸುತ್ತ ಮೊಣಕೈ ತಾಗಿಸಿಕೊಂಡು ಕೂತರು. ಅತ್ತೆ ಚಮಚ ಹಿಡಿದು ಟ್ರೇಯ ಅಂಚುಗಳನ್ನು ನಿಧಾನವಾಗಿ ಬಿಡಿಸಿದರು. ನಡುವಿನ ಮೆತ್ತಗಿನದನ್ನು ಮಗಳಿಗೆ ಅರ್ಧ, ತಮಗೆ ಅರ್ಧ ಹಾಕಿಕೊಂಡರು. ಕಪ್ಪಾದ ಅಂಚುಗಳನ್ನು ಒಂದೊಂದಾಗಿ ಎತ್ತಿ, ನಾಲ್ಕನ್ನೂ ಅಳಿಯನ ತಟ್ಟೆಯಲ್ಲಿ ಜೋಡಿಸಿ ಇಟ್ಟರು. ಅವನು ಒಂದನ್ನು ಬಾಯಿಗೆ ಹಾಕಿಕೊಂಡು, ಸದ್ದಾಗದ ಹಾಗೆ ಅಗಿಯಲು ನೋಡಿದ.